ಹೆಸರು ಉಳಿದ ಶಿಲ್ಪಿ

ಯಲ್ಲಾಪುರದಿಂದ ಸೋಂದೆ, ಶಿರಸಿ, ಬನವಾಸಿ. ಅಲ್ಲಿಂದ ಸಿದ್ದಾಪುರದ ಬಿಳಗಿ. ಆಮೇಲೆ ಘಟ್ಟವಿಳಿದರೆ ಕರಾವಳಿಯ ದೀಪಸ್ತಂಭಗಳು. ಕಾರಿನಲ್ಲಿ ಸುತ್ತಾಟಕ್ಕೆ ಹೊರಟರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಶಾಲ್ಮಲಾ ನದಿಯ ನೀರು ತಗ್ಗಿದಾಗ ಸೋಂದೆ ಬಳಿಯ ಸಹಸ್ರಲಿಂಗದ ಬಂಡೆಗಳು ಚೆನ್ನಾಗಿ ಕಾಣುತ್ತವೆ. ಬಿಳಗಿಯ ರತ್ನತ್ರಯ ಬಸದಿಗೆ ಹಗಲ ಬೆಳಕಿರುವಾಗಲೇ ಹೋಗಬೇಕು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದು ಬನವಾಸಿ ಮಧುಕೇಶ್ವರ ದೇವಾಲಯದ ನಾಗಶಿಲೆ. ಐದು ಹೆಡೆ, ಸುರುಳಿ ಸುತ್ತಿದ ಮೈ, ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ. ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ್ದು. ನಾಗಶ್ರೀ ಎಂಬ ರಾಜಕುಮಾರಿ ಈ ನಾಗನ ಜೊತೆಗೆ ಕೆರೆಯನ್ನೂ ವಿಹಾರವನ್ನೂ ಮಾಡಿಸಿಕೊಟ್ಟಳೆಂದು ಶಾಸನ ಹೇಳುತ್ತದೆ. ಕೆತ್ತಿದವನು ನಟಕ ಎಂಬ ಶಿಲ್ಪಿ; ಅವನ ಗುರುವಿನ ಹೆಸರೂ ಅಲ್ಲಿದೆ. ದಾನ ಕೊಟ್ಟವರ ಹೆಸರು ಎಲ್ಲೆಡೆ ಸಿಗುತ್ತದೆ. ಅಷ್ಟು ಹಿಂದೆಯೇ ಉಳಿ ಹಿಡಿದವನಿಗೂ ಕಲಿಸಿದವನಿಗೂ ಕಲ್ಲಿನಲ್ಲಿ ಜಾಗ ಕೊಟ್ಟದ್ದು ದೊಡ್ಡ ಮಾತು.

ಬನವಾಸಿಗೆ ಹೋದವರು ದೇವಾಲಯದ ಕಲ್ಲಿನ ಮಂಚವನ್ನಷ್ಟೇ ನೋಡಿ ಹೊರಡಬೇಡಿ. ಈ ನಾಗನ ಮುಂದೆಯೂ ನಿಲ್ಲಿ, ಮಕ್ಕಳಿಗೆ ನಟಕನ ಹೆಸರು ಹೇಳಿ.