ತಂತಿ ಜಾರಿದರೆ ತಪ್ಪು ಯಾರದು?

ಅಕ್ಕನ ಮಗ ಹೊಸ ಎಲೆಕ್ಟ್ರಿಕ್ ಗಿಟಾರ್ ಹಿಡಿದುಕೊಂಡು ವರ್ಕಾಡಿಗೆ ಬಂದಿದ್ದ. ಅತಿ ಸಪುರದ ತಂತಿಯನ್ನು ಸ್ವಲ್ಪ ಕೆಳಗೆ ಎಳೆದು ನುಡಿಸಿದರೆ ಸಾಕು, ಅದು ಮೆಟ್ಟಿಲಿನ ಅಂಚಿನಿಂದ ಹೊರಗೆ ಜಾರುತ್ತಿತ್ತು. ಅಂಗಡಿಯವರು, “ಮೊದಲು ಬೆರಳು ಸರಿ ಇಡಲು ಕಲಿ ಮಾರಾಯ” ಎಂದರಂತೆ. ಪಾಪ, ಎರಡು ತಿಂಗಳು ಹುಡುಗ ತನ್ನನ್ನೇ ಬೈದುಕೊಂಡ.

ಕೊನೆಯ ಮೆಟ್ಟಿಲಿನ ಹತ್ತಿರ ಸ್ಕೇಲಿಟ್ಟು ಅಳೆದೆ. ದಪ್ಪ ತಂತಿಯಿಂದ ಅಂಚಿಗೆ 5 ಮಿಲಿಮೀಟರ್, ಸಪುರದ್ದರಿಂದ 1! ಗಿಟಾರಿನ ಕುತ್ತಿಗೆಯೇ ಓರೆ. ಹಿಂದಿನ 4 ಸ್ಕ್ರೂ ಸಡಿಲಿಸಿ ಕುತ್ತಿಗೆಯನ್ನು ತುಸು ಸರಿಸಿದೆವು. ಅರ್ಧ ಸರಿಯಾಯಿತು. ಆದರೆ ಮೆಟ್ಟಿಲುಗಳ ತುದಿಯನ್ನು ಅರದಲ್ಲಿ ವಿಪರೀತ ಉಜ್ಜಿದ್ದಾರೆ, ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವವರು ಒಂದೊಂದನ್ನೂ ನುಡಿಸಿ, ಕಿವಿಕೊಟ್ಟು ಕೇಳಿಯೇ ಮುಂದಕ್ಕೆ ಹೋಗುತ್ತಾರೆ. ತಂತಿ ಎಳೆಯದೆ ಗಮಕವೆಲ್ಲಿ? ವಿದ್ಯುತ್ ವಾದ್ಯವೆಂದರೆ ಹೀಗೇ ಅನ್ನಬೇಡಿ. ಯು. ಶ್ರೀನಿವಾಸ್ 5 ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲೇ ಕರ್ನಾಟಕ ಸಂಗೀತದ ಗಮಕ ನುಡಿಸಿದವರು.

ಈ ಗಿಟಾರಿನ ಪೆಟ್ಟಿಗೆಯ ಮೇಲೂ ‘ಪರೀಕ್ಷಿಸಲಾಗಿದೆ’ ಎಂಬ ಚೀಟಿ ಉಂಟು. ಏನನ್ನು ಪರೀಕ್ಷಿಸಿದರೋ! ಬಣ್ಣವಂತೂ ಬಹಳ ಚೆನ್ನಾಗಿದೆ. ಕಳಿಸುವ ಮೊದಲು ಯಾರಾದರೂ ಆ ಒಂದು ತಂತಿಯನ್ನು ಒಮ್ಮೆ ಎಳೆದು ನೋಡಿದ್ದರೆ ಹುಡುಗನ ಎರಡು ತಿಂಗಳು ಉಳಿಯುತ್ತಿತ್ತು.