ರಸ್ತೆಯ ಕೊನೆಯ ಅಕ್ಷರ ಯಾವುದು?

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಪದಸರಪಳಿ ಪಂದ್ಯದ ಫೈನಲ್ ಫಲಿತಾಂಶ: ‘ಎ’ ಬ್ಲಾಕ್ 23, ‘ಸಿ’ ಬ್ಲಾಕ್ 21. ನಾನು ಎರಡೂ ಬ್ಲಾಕಿನವನಲ್ಲ, ಹಾಗಾಗಿ ಹೊಟ್ಟೆಯುರಿ ಅಂದ್ಕೋಬೇಡಿ. ಆಟ ಚೆನ್ನಾಗಿತ್ತು. ತೀರ್ಪುಗಳು ಚೆನ್ನಾಗಿರಲಿಲ್ಲ.

ಆಟ ಗೊತ್ತಲ್ಲ, ಅಂತ್ಯಾಕ್ಷರಿಯ ತಮ್ಮ. ಹಾಡಿನ ಬದಲು ಪದ. ಹಿಂದಿನ ಪದದ ಕೊನೆಯ ಅಕ್ಷರದಿಂದ ಹೊಸ ಪದ ಶುರುವಾಗಬೇಕು, ಕಾಗುಣಿತ ಯಾವುದಾದ್ರೂ ಸರಿ. ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’ ಅಂತ ಮೊದಲೇ ಹೇಳಿದ್ದರು. ಒಳ್ಳೇ ನಿಯಮ. ಇಲ್ಲದಿದ್ರೆ ‘ಹಣ್ಣು’ ಅಂದವನೇ ಗೆದ್ದ ಹಾಗೆ. ಒಂದು ತಂಡ ತಪ್ಪಿದರೆ ಸರದಿ ಎದುರಿನವರಿಗೆ, ಅಂಕವೂ ಅವರಿಗೆ.

ಒತ್ತಕ್ಷರದ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಫೈನಲ್‌ನಲ್ಲಿ ‘ರಸ್ತೆ’ ಬಂತು. ‘ಸಿ’ ಬ್ಲಾಕ್ ‘ತೆಂಗು’ ಅಂದಿತು. ತೀರ್ಪುಗಾರರು ಬೋರ್ಡಿನ ಮೇಲೆ ಬೆರಳಿಟ್ಟು, “ಇಲ್ಲಿರೋದು ಸ, ತ ಬರೀ ಒತ್ತು” ಅಂದರು. ‘ಎ’ ಬ್ಲಾಕ್ ‘ಸೆಲ್ಫಿ’ ಅಂದು ಅಂಕ ಎತ್ತಿಕೊಂಡಿತು.

ಇದು ಕಣ್ಣಿನ ಮೋಸ. ಬರೆಯುವಾಗ ಎತ್ವ ‘ಸ’ದ ತಲೆ ಮೇಲೆ ಕೂರುತ್ತೆ, ನಿಜ. ಆದರೆ ಬಾಯಲ್ಲಿ ಅದು ‘ತ’ಗೆ ಸೇರಿದ್ದು: ರಸ್-ತೆ. ಕಂಪ್ಯೂಟರಿಗೂ ಇದು ಗೊತ್ತು. ಯೂನಿಕೋಡ್‌ನಲ್ಲಿ ರ, ಸ, ಹಲಂತ, ತ, ಆಮೇಲೆ ಎತ್ವ, ಇದೇ ಕ್ರಮ. ಎತ್ವವನ್ನು ‘ಸ’ದ ಮೇಲೆ ಏರಿಸೋದು ಫಾಂಟಿನ ಕೆಲಸ.

ತೀರ್ಪುಗಾರರ ಪರವಾಗಿಯೂ ಒಂದು ಮಾತು ಹೇಳಬಹುದು. ಕೊನೆಯ ಅಕ್ಷರ ಅಂದ್ರೆ ಇಡೀ ‘ಸ್ತೆ’, ಅದರ ಮೊದಲ ವ್ಯಂಜನ ‘ಸ’, ಅದನ್ನೇ ಹಿಡಿದೆವು ಅಂತ. ಸರಿ, ಒಪ್ಪೋಣ. ಹಾಗಿದ್ರೆ ಸೆಮಿಫೈನಲ್‌ನಲ್ಲಿ ‘ಸೂರ್ಯ’ ಬಂದಾಗ ‘ರ’ ಹಿಡಿಯಬೇಕಿತ್ತಲ್ಲ? ಅವತ್ತು ‘ಯಂತ್ರ’ಕ್ಕೆ ಅಂಕ ಕೊಟ್ಟರು. ಯಾಕಂದ್ರೆ ಬೋರ್ಡಿನ ಮೇಲೆ ಅರ್ಕಾವತ್ತು ಹಾಕಿ ಬರೆದಿದ್ದರು, ದೊಡ್ಡದಾಗಿ ಕಂಡಿದ್ದು ‘ಯ’. ಅದೇ ಪದವನ್ನು ‘ಸೂರ‍್ಯ’ ಅಂತ, ‘ರ’ಕ್ಕೆ ‘ಯ’ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ. ಬೋರ್ಡಿನ ಹತ್ತಿರ ಅಂಥವರು ನಿಂತಿದ್ದರೆ ತೀರ್ಪೇ ಬೇರೆ!

ಎರಡನೇ ತೀರ್ಪು ನನಗೆ ಹೆಚ್ಚು ಚುಚ್ಚಿತು. ‘ಚಾಕು’ ಬಂದಾಗ ‘ಸಿ’ ಬ್ಲಾಕಿನ ಅಜ್ಜಿಯೊಬ್ಬರು ‘ಕೂರಿಗೆ’ ಅಂದರು. “ಅಂಥ ಪದ ಕೇಳಿಲ್ಲಮ್ಮ” ಅಂತ ತಳ್ಳಿಹಾಕಿದರು. “ಬಿತ್ತೂದಕ್ಕ ಹಿಡೀತಾರಲ್ರೀ” ಅಂತ ಅವರು ಕೈಯಲ್ಲಿ ಮಾಡಿ ತೋರಿಸಿದರೂ ನಡೆಯಲಿಲ್ಲ. ನಮ್ಮೂರಲ್ಲಿ ಮುಂಗಾರಿಗೆ ಮುಂಚೆ ಅಟ್ಟದಿಂದ ಇಳಿಯುತ್ತಿದ್ದ ಸಾಮಾನು ಅದು. ಕಿಟೆಲ್ 1894ರಲ್ಲೇ ನಿಘಂಟು ಅಚ್ಚು ಹಾಕಿಸಿದರು. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಈಗ ‘ಅಲರ್’ ನಿಘಂಟು ಮೊಬೈಲಿನಲ್ಲೇ ಸಿಗುತ್ತೆ. ಅಲ್ಲಿದ್ದ ಇಪ್ಪತ್ತು ಮೊಬೈಲುಗಳಲ್ಲಿ ಒಂದನ್ನಾದರೂ ತೆಗೆದು ನೋಡಬಹುದಿತ್ತು. ‘ಸೆಲ್ಫಿ’ ಬಗ್ಗೆ ನನಗೆ ತಕರಾರಿಲ್ಲ, ‘ರಸ್ತೆ’ಯೂ ಪಾರ್ಸಿಯಿಂದ ಬಂದದ್ದೇ. ಆದರೆ ಸೆಲ್ಫಿಗೆ ಯಾರೂ ನಿಘಂಟು ಕೇಳಲಿಲ್ಲ, ಕೂರಿಗೆಗೆ ಸಾಕ್ಷಿ ಬೇಕಾಯ್ತು.

ಸ್ಕ್ರ್ಯಾಬಲ್ ಟೂರ್ನಮೆಂಟ್‌ಗಳಲ್ಲಿ ಈ ರಗಳೆ ಇಲ್ಲ. ಯಾವ ಪದಪಟ್ಟಿ ಅಂತ ಮೊದಲೇ ನಿಗದಿ. ಅನುಮಾನ ಬಂದರೆ ಎದುರಾಳಿಯೇ ಚಾಲೆಂಜ್ ಮಾಡಬೇಕು. ಮಾಡದಿದ್ದರೆ ಸುಳ್ಳು ಪದವೂ ಹಾಗೇ ಉಳಿಯುತ್ತೆ. ನಿರ್ಣಾಯಕ ಆ ಪದವನ್ನು ಕೇಳಿದ್ದಾನೋ ಇಲ್ಲವೋ, ಯಾರಿಗೆ ಬೇಕು? ಫ್ರೆಂಚ್ ಮಾತಾಡೋಕೆ ಬರದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್, ಪದಪಟ್ಟಿ ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದದ್ದು ಇಂಥ ವ್ಯವಸ್ಥೆಯಲ್ಲೇ. ಭಾಷೆ ಬಾರದವನು ಅಲ್ಲಿ ಗೆಲ್ಲಬಹುದು. ನಮ್ಮಲ್ಲಿ ಭಾಷೆ ಬಂದ ಅಜ್ಜಿ ಸೋತರು.

ಆ ಎರಡು ತೀರ್ಪು ತಿರುಗಿಸಿ ಲೆಕ್ಕ ಹಾಕಿ: ‘ಸಿ’ಗೆ ಎರಡು ಸೇರುತ್ತೆ, ‘ಎ’ಯಿಂದ ಎರಡು ಹೋಗುತ್ತೆ. 23–21 ಉಲ್ಟಾ. ಮುಂದಿನ ಪದಗಳು ಬೇರೆಯಾಗುತ್ತಿದ್ದವು ಅನ್ನೋದೂ ನಿಜ, ಹಾಗಾಗಿ ಕಪ್ ವಾಪಸ್ ಕೊಡಿ ಅಂತ ನಾನು ಕೇಳ್ತಿಲ್ಲ. ಮುಂದಿನ ನವೆಂಬರ್‌ಗೆ ಒತ್ತಕ್ಷರದ ನಿಯಮವನ್ನು ಒಂದು ಸಾಲಿನಲ್ಲಿ ಬರೆದು ಬೋರ್ಡಿಗೆ ಅಂಟಿಸಿ, ಮೇಜಿನ ಮೇಲೊಂದು ನಿಘಂಟು ಇಡಿ ಅಂತ ಕಮಿಟಿಗೆ ಹೇಳಿದ್ದೇನೆ. “ನೋಡೋಣ ಸಾರ್” ಅಂದಿದ್ದಾರೆ.