ಮಿತರೇಖೆಯ ಪರದೆಚಿತ್ರವೂ ಕಾವಿಕಲೆಯೂ: ಒಂದು ವಿವೇಚನೆ

ಗಣಕಯಂತ್ರವನ್ನು ತೆರೆದೊಡನೆ ಪರದೆಯ ತುಂಬ ಕಾಣಿಸಿಕೊಳ್ಳುವ ಹಿನ್ನೆಲೆಯ ಚಿತ್ರಕ್ಕೆ ವಾಲ್‌ಪೇಪರ್ ಎಂದು ಹೆಸರು. ಗೋಡೆಗೆ ಅಂಟಿಸುವ ಕಾಗದವೆಂಬುದು ಆ ಮಾತಿನ ಮೂಲಾರ್ಥ. ಗೋಡೆಯೂ ಇಲ್ಲ, ಕಾಗದವೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಇಂತಹ ಚಿತ್ರಗಳಲ್ಲಿ ಎರಡು ಮೂರು ಬಣ್ಣ, ನಾಲ್ಕಾರು ಆಕೃತಿ, ಉಳಿದುದೆಲ್ಲ ಬಯಲು ಎಂಬ ಒಂದು ಬಗೆ ಬಹಳ ಜನಪ್ರಿಯವಾಗಿದೆ. ಇದನ್ನು ಮಿನಿಮಲಿಸ್ಟ್ ಚಿತ್ರವೆನ್ನುತ್ತಾರೆ. ಇಲ್ಲಿ ಮಿತಚಿತ್ರವೆಂದು ಕರೆಯೋಣ. ಇದು ಬಿಡುವಿನ ವೇಳೆಯ ವಿನೋದ, ವಿಮರ್ಶೆಗೆ ತಕ್ಕ ವಸ್ತುವಲ್ಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ವಲ್ಪದರಿಂದ ಹೆಚ್ಚನ್ನು ಸಾಧಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯ ಕುಶಲಿಗಳು ಒಂದೇ ಬಣ್ಣವನ್ನು ಹಿಡಿದು ಸುಣ್ಣದ ಗೋಡೆಯ ಮೇಲೆ ಹಿಂದೆಯೇ ಬಿಡಿಸಿದ್ದರು. ಆ ಕಾವಿಕಲೆಯ ಪಕ್ಕದಲ್ಲಿ ಈ ಹೊಸ ಚಿತ್ರವನ್ನಿಟ್ಟು ನೋಡಿದರೆ ಇದರ ಗುಣದೋಷಗಳನ್ನು ಅಳೆಯಲು ಒಂದು ಮಾನದಂಡ ದೊರೆಯುವುದೆಂಬುದೇ ಈ ಲೇಖನದ ಪ್ರತಿಪಾದನೆ.

ಮೊದಲು ಸಾಧನದ ವಿಚಾರ. ಛಾಯಾಚಿತ್ರವು ಗಣಕದಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ರಾಶಿಯಾಗಿ ನಿಲ್ಲುತ್ತದೆ. ಹಿಗ್ಗಿಸಿದರೆ ಚುಕ್ಕೆಗಳು ಒಡೆದು ಕಾಣುತ್ತವೆ. ವೆಕ್ಟರ್ ಚಿತ್ರ ಹಾಗಲ್ಲ. ಅದರಲ್ಲಿ ಉಳಿಯುವುದು ಬಿಂದುಗಳು, ಅವುಗಳ ನಡುವಣ ಗೆರೆಯ ಗಣಿತ, ಆವರಣವನ್ನು ತುಂಬುವ ಬಣ್ಣ, ಇಷ್ಟೆ. ಇಲ್ಲಿ ಬಳಕೆಯಾಗುವ ವಕ್ರರೇಖೆಯನ್ನು 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಾರ್ಖಾನೆಯ ಎಂಜಿನಿಯರ್ ಪಿಯರ್ ಬೆಜಿಯೇ ಮೋಟಾರು ಬಂಡಿಗಳ ಮೈಯನ್ನು ರೂಪಿಸುವುದಕ್ಕಾಗಿ ಪ್ರಚಾರಕ್ಕೆ ತಂದನು. ಎಸ್‌ವಿಜಿ ಎಂಬ ಚಿತ್ರಸ್ವರೂಪವು 2001ರಲ್ಲಿ ಮಾನ್ಯತೆ ಪಡೆಯಿತು. ಅದನ್ನೇ ಆಧರಿಸಿದ ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶವು 2003ರಲ್ಲಿ ಹುಟ್ಟಿತು. ಹಣ ತೆರದೆ ಯಾರು ಬೇಕಾದರೂ ಇದನ್ನು ಬಳಸಬಹುದು. 1920ಕ್ಕೆ 1080 ಚುಕ್ಕೆಗಳ ಪರದೆಗೆಂದು ಬರೆದ ಚಿತ್ರವನ್ನು 3840ಕ್ಕೆ 2160ರ ಪರದೆಗೆ ಹಿಗ್ಗಿಸಿದರೂ ಗೆರೆಯ ಅಂಚು ಮಾಸುವುದಿಲ್ಲ. ಈ ಸಾಧನದ ಸ್ವಭಾವವೇ ಗೆರೆ ಮತ್ತು ಸಮತಲದ ಬಣ್ಣ. ಆದುದರಿಂದ ಮಿತಚಿತ್ರ ಅದಕ್ಕೆ ಸಹಜವಾಗಿ ಒಗ್ಗುತ್ತದೆ.

ಆದರೆ ಸಾಧನದ ಸೌಲಭ್ಯವೇ ಎಷ್ಟೋ ಸಲ ಕಲೆಗೆ ಶತ್ರುವಾಗುತ್ತದೆ. ಈ ಜಾತಿಯ ಚಿತ್ರಗಳಲ್ಲಿ ಒಂದು ಸಿದ್ಧ ಅಚ್ಚು ಪದೇ ಪದೇ ಕಾಣಬರುತ್ತದೆ: ಒಂದರ ಹಿಂದೊಂದು ತೆಳುವಾಗುತ್ತ ಹೋಗುವ ಬೆಟ್ಟದ ಸಾಲು, ಅದರ ಮೇಲೊಂದು ದುಂಡು ಸೂರ್ಯ. ಹೊನ್ನಾವರದ ಸಂಜೆಯನ್ನು ಬರೆಯಹೊರಟ ವಿದ್ಯಾರ್ಥಿಯೂ ಈ ಅಚ್ಚನ್ನೇ ಎತ್ತಿಕೊಂಡನೆನ್ನೋಣ. ಆಗ ಚಿತ್ರ ಸುಳ್ಳಾಗುತ್ತದೆ. ನಮ್ಮ ಕರಾವಳಿಯಲ್ಲಿ ಘಟ್ಟವಿರುವುದು ಮೂಡಣಕ್ಕೆ, ಕಡಲಿರುವುದು ಪಡುವಣಕ್ಕೆ. ಬೆಟ್ಟದ ಮೇಲಿನ ಸೂರ್ಯ ಬೆಳಗಿನವನು; ಸಂಜೆಯ ಸೂರ್ಯ ಇಳಿಯುವುದು ಒಂದೇ ಒಂದು ಅಡ್ಡಗೆರೆಯ ಕೆಳಕ್ಕೆ. ಚಿತ್ರದಲ್ಲಿರುವುದೇ ನಾಲ್ಕು ಆಕೃತಿ. ಅವುಗಳಲ್ಲಿ ಎರಡರ ಸಂಬಂಧ ತಪ್ಪಿದರೆ ಉಳಿಯುವುದೇನು? ವಿವರ ಹೆಚ್ಚಿರುವ ಚಿತ್ರ ಒಂದು ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಬಲ್ಲದು. ಮಿತಚಿತ್ರಕ್ಕೆ ಆ ಅನುಕೂಲವಿಲ್ಲ. ಔಚಿತ್ಯವೇ ಕಾವ್ಯದ ಜೀವಿತವೆಂದು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಪ್ರತಿಪಾದಿಸಿದನಷ್ಟೆ. ಆ ವಿಚಾರ ಇಲ್ಲಿಗೂ ಸಲ್ಲುತ್ತದೆ.

ಅದೇ ಊರಿನಲ್ಲಿ ಸಾಧನಕ್ಕೂ ವಸ್ತುವಿಗೂ ಹೊಂದುವ ದೃಶ್ಯವೊಂದುಂಟು. ಶರಾವತಿಯ ಅಳಿವೆಯ ಬಳಿ ಹೊಳೆಯನ್ನು ದಾಟುವ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದ್ದು ಆ ಮಾರ್ಗದ ಸೇತುವೆಗಳಲ್ಲೆಲ್ಲ ದೀರ್ಘವಾದುದು. ನೀರಿಗೆ ಸಮಾಂತರವಾದ ಒಂದು ಗೆರೆ, ಅದನ್ನು ಹೊತ್ತ ಕಂಬಗಳ ಸಮಾನಾಂತರದ ಆವೃತ್ತಿ: ಸೇತುವೆಯೇ ಒಂದು ಮಿತಚಿತ್ರ. ತಂತ್ರಾಂಶದಲ್ಲಿ ಒಂದು ಕಂಬವನ್ನು ಬರೆದು ಅದನ್ನೇ ಪುನರಾವರ್ತಿಸಿದರೆ ಸಾಕು. ಇಲ್ಲಿ ಪುನರಾವೃತ್ತಿ ಸೋಮಾರಿತನವಲ್ಲ, ವಸ್ತುವಿನ ಸತ್ಯ.

ಇನ್ನು ಕಾವಿಕಲೆಗೆ ಬರೋಣ. ಗೋವೆಯಿಂದ ಉತ್ತರ ಕನ್ನಡದವರೆಗಿನ ಕರಾವಳಿಯ ದೇವಾಲಯಗಳಲ್ಲಿ ಈ ಭಿತ್ತಿಕಲೆ ಬೆಳೆಯಿತು. ಕಡಲ ಚಿಪ್ಪನ್ನು ಸುಟ್ಟು ಪಡೆದ ಸುಣ್ಣಕ್ಕೆ ತೊಳೆದ ಮರಳನ್ನೂ ಬೆಲ್ಲವನ್ನೂ ಬೆರೆಸಿ, ಕೊಳೆಯಿಸಿ, ಕುಟ್ಟಿ ಗಾರೆಮಾಡುತ್ತಿದ್ದರು. ಬಿಳಿಯ ಗಾರೆಯ ಮೇಲೆ ಕಾವಿ ಬೆರೆತ ಗಾರೆಯ ತೆಳುವಾದ ಪದರವನ್ನು ಬಳಿದು, ಅದು ಹಸಿಯಾಗಿರುವಾಗಲೇ ಅಳತೆಪಟ್ಟಿ ಕೈವಾರಗಳಿಂದ ವಿನ್ಯಾಸವನ್ನು ಗುರುತಿಸಿ, ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ತೆಗೆಯುತ್ತಿದ್ದರು. ಕೆರೆದಲ್ಲೆಲ್ಲ ಒಳಗಿನ ಬಿಳುಪು ಗೆರೆಯಾಗಿ ಮೂಡುತ್ತಿತ್ತು. ಅಂದರೆ ಇಲ್ಲಿ ಚಿತ್ರಿಸುವುದೆಂದರೆ ಸೇರಿಸುವುದಲ್ಲ, ಕಳೆಯುವುದು.

ಆಶ್ಚರ್ಯದ ಸಂಗತಿಯೆಂದರೆ, ವೆಕ್ಟರ್ ತಂತ್ರಾಂಶದಲ್ಲಿಯೂ ಒಂದು ಆಕೃತಿಯನ್ನು ಮತ್ತೊಂದರಿಂದ ಕಳೆಯುವ ಕ್ರಿಯೆಯೊಂದಿದೆ. ಕೆಂಪು ಚೌಕದಿಂದ ವೃತ್ತವನ್ನು ಕಳೆದರೆ ಕೆಳಗಿನ ಬಿಳುಪು ವೃತ್ತಾಕಾರದಲ್ಲಿ ಕಾಣುತ್ತದೆ. ಕೈವಾರ, ಸಮತಲದ ಬಣ್ಣ, ಕಳೆಯುವಿಕೆ: ಮೂರೂ ಉಭಯತ್ರ ಸಮಾನ. ಆದರೆ ಒಂದು ಭೇದವನ್ನು ಮರೆಯಬಾರದು. ಕಾವಿಯ ಗೋಡೆಗಳಲ್ಲಿ ಬಳ್ಳಿ, ಪಟ್ಟಿಕೆ, ದೇವತಾಮೂರ್ತಿ, ಪುರಾಣಪ್ರಸಂಗಗಳೆಲ್ಲ ತುಂಬಿರುವುದುಂಟು. ಅಲ್ಲಿನ ಮಿತ ಸಾಧನದ ಮಿತ, ವಸ್ತುವಿನ ಮಿತವಲ್ಲ. ಪರದೆಚಿತ್ರಕ್ಕಾದರೋ ಎರಡೂ ಬೇಕು, ಏಕೆಂದರೆ ಅದರ ಮೇಲೆ ಕಡತಗಳ ಚಿಹ್ನೆಗಳು ಕುಳಿತುಕೊಳ್ಳಬೇಕು. ಹೀಗಿರುವಾಗ ದೇವರ ಮುಖವನ್ನು ಹಿನ್ನೆಲೆಯಲ್ಲಿಟ್ಟು ಅದರ ಮೇಲೆ ಕಡತಗಳನ್ನು ಹರಡುವುದು ಭಕ್ತಿಗೂ ರುಚಿಗೂ ಒಗ್ಗದ ಕೆಲಸ. ಗೋಡೆಯೊಂದರಿಂದ ಒಂದು ಜ್ಯಾಮಿತಿಯ ಪದಕವನ್ನು ಆರಿಸಿ, ಚಿಹ್ನೆಗಳಿಲ್ಲದ ಬದಿಗೆ ಇಟ್ಟು, ಉಳಿದುದನ್ನು ಕಾವಿಯ ಬಯಲಾಗಿ ಬಿಡುವುದೇ ಉಚಿತ.

ಆ ಪದಕವನ್ನು ಪರದೆಗೆ ತರುವ ಬಗೆ ಎರಡು. ಛಾಯಾಚಿತ್ರ ತೆಗೆದು ಅದರ ಬಾಹ್ಯರೇಖೆಯನ್ನು ಯಂತ್ರದಿಂದಲೇ ಹಿಡಿಸುವುದು ಒಂದು. ಇದು ಕ್ಷಣದ ಕೆಲಸ. ಆದರೆ ಯಂತ್ರಕ್ಕೆ ಗೆರೆಗೂ ಬಿರುಕಿಗೂ ಪಾಚಿಯ ಕಲೆಗೂ ವ್ಯತ್ಯಾಸ ತಿಳಿಯದು. ಎಲ್ಲವನ್ನೂ ಅದು ನೂರಾರು ಬಿಂದುಗಳಾಗಿ ಬರೆದಿಡುತ್ತದೆ. ಇನ್ನೊಂದು, ಕುಶಲಿಯು ನಡೆದ ದಾರಿಯಲ್ಲಿ ತಾನೂ ನಡೆಯುವುದು. ಒಂದು ವೃತ್ತವನ್ನೆಳೆದು, ಅದೇ ತ್ರಿಜ್ಯದಿಂದ ಪರಿಧಿಯ ಮೇಲೆ ಆರು ಬಿಂದುಗಳನ್ನು ಗುರುತಿಸಿ, ಪ್ರತಿಯೊಂದರಿಂದಲೂ ವೃತ್ತದೊಳಗೆ ಕಮಾನನ್ನು ಎಳೆದರೆ ಆರು ಎಸಳಿನ ಹೂ ತಾನಾಗಿ ಅರಳುತ್ತದೆ. ಹೀಗೆ ಕಟ್ಟಿದವನಿಗೆ ಆ ಹೂವಿನ ನಿಯಮ ತಿಳಿಯುತ್ತದೆ. ಅದರಿಂದ ಅವನು ಹತ್ತು ಹೊಸ ಹೂಗಳನ್ನು ಕಟ್ಟಬಲ್ಲ. ಮೊದಲನೆಯವನಿಗೆ ದಕ್ಕುವುದು ರೂಪದ ಸಿಪ್ಪೆ. ಎರಡನೆಯವನಿಗೆ ಅದರ ಬೀಜ.

ಈ ಭೇದವು ಕೇವಲ ವಿದ್ವತ್ತಿನ ವಿಷಯವಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಕಾವಿಯ ಗೋಡೆಗಳೆಷ್ಟೋ ಕೆಡವಲ್ಪಟ್ಟಿವೆ. ಸಿಮೆಂಟು, ಎಣ್ಣೆಬಣ್ಣ, ನುಣುಪಾದ ಬಿಲ್ಲೆಗಳು ಆ ಜಾಗವನ್ನು ಹಿಡಿದಿವೆ. ಹೊನ್ನಾವರದವರಾದ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತರು (1934-2002) ಈ ಕಲೆಯನ್ನು ಹುಡುಕಿ ಛಾಯಾಚಿತ್ರ, ಬರಹಗಳಲ್ಲಿ ದಾಖಲಿಸಿದುದು ಇದಕ್ಕಾಗಿಯೇ ಅಮೂಲ್ಯ. ಹೋದ ಗೋಡೆಗೆ ಪರದೆಯ ಚಿತ್ರ ಪ್ರತಿನಿಧಿಯಾಗಲಾರದು. ಸುಣ್ಣದ ದಪ್ಪ, ಕೆರೆದ ಗೆರೆಯ ಆಳ, ಓರೆಬೆಳಕಿನಲ್ಲಿ ಅದು ಬೀಳಿಸುವ ನೆರಳು ಇವೊಂದೂ ಪರದೆಗೆ ಬಾರವು. ಅದಕ್ಕಿಂತ ದೊಡ್ಡ ನಷ್ಟವೊಂದಿದೆ. ಹಸಿಗಾರೆ ಆರುವುದರೊಳಗೆ ಕೆರೆಯಬೇಕು. ಕೆರೆದುದನ್ನು ಮರಳಿ ಮುಚ್ಚುವುದು ಸುಲಭವಲ್ಲ. ಗೆರೆಗೆ ಮುಂಚೆ ನಿರ್ಧಾರ ನಡೆದಿರಬೇಕಾಗಿತ್ತು. ತಂತ್ರಾಂಶದಲ್ಲಿ ಎರಡು ಕೀಲಿಗಳನ್ನು ಒತ್ತಿದರೆ ಮಾಡಿದ್ದೆಲ್ಲ ಇಲ್ಲವಾಗುತ್ತದೆ. ವಸ್ತುವು ಕಲಾವಿದನ ಮೇಲೆ ಹೇರುತ್ತಿದ್ದ ಸಂಯಮವನ್ನು ಈಗ ಅವನೇ ತನ್ನ ಮೇಲೆ ಹೇರಿಕೊಳ್ಳಬೇಕಾಗಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಮಿತಚಿತ್ರದ ಗುಣವನ್ನು ಎಷ್ಟು ಬಿಟ್ಟಿದ್ದಾರೆಂಬುದರಿಂದ ಅಳೆಯಲಾಗದು. ಉಳಿಸಿಕೊಂಡದ್ದು ಯಾವ ತಿಳಿವಿನಿಂದ ಉಳಿಯಿತೆಂಬುದರಿಂದ ಅಳೆಯಬೇಕು. ತಿಳಿಯದೆ ಬಿಟ್ಟ ಬಯಲು ಬರಿದು. ತಿಳಿದು ಬಿಟ್ಟ ಬಯಲು ಧ್ವನಿ. ನಮ್ಮ ಕಾಲೇಜುಗಳಲ್ಲಿ ಈ ಚಿತ್ರಕ್ಕೆ ಕೈಹಾಕುವ ವಿದ್ಯಾರ್ಥಿಯು ತಂತ್ರಾಂಶವನ್ನು ತೆರೆಯುವ ಮೊದಲು ಒಂದು ಕೈವಾರವನ್ನೂ ಕಾಗದವನ್ನೂ ಹಿಡಿದು, ಇನ್ನೂ ನಿಂತಿರುವ ಕಾವಿಗೋಡೆಯೊಂದರ ಮುಂದೆ ಒಂದು ಮಧ್ಯಾಹ್ನ ಕುಳಿತು ಅದರ ವೃತ್ತಗಳ ಕೇಂದ್ರಗಳನ್ನು ಹುಡುಕಲಿ. ಗೋಡೆ ನಾಳೆ ಇರುವುದೆಂಬ ಭರವಸೆಯಿಲ್ಲ. ಕೇಂದ್ರವನ್ನು ಕಂಡ ಕೈಯಲ್ಲಾದರೂ ಅದರ ನಿಯಮ ಉಳಿದೀತು.